ಬಂದು ಹೋದ ಕರೆಂಟು

ಆ ಸದ್ದು ದೊಡ್ಡದೇನಲ್ಲ. ಒಣಗಿದ ತೊಗರಿ ಕಟ್ಟಿಗೆಯನ್ನು ಮೊಣಕಾಲಿಗೆ ಒತ್ತಿ ಮುರಿದರೆ ಎಷ್ಟು ಸದ್ದು ಬರುತ್ತದೋ ಅಷ್ಟೇ. ಆಮೇಲೆ ತೊಟ್ಟಿಲ ಕಾಕಾ ಕೂತಲ್ಲಿಂದ ಹಿಂದಕ್ಕೆ ಬಿದ್ದರು. ತಲೆ ಚಾಪೆಯ ಮೇಲೆ ಬಿತ್ತು, ಕಾಲು ಮಡಚಿಕೊಂಡೇ ಇದ್ದವು. ಕಣ್ಣು ತೆರೆದಿದ್ದವು. ಎದೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ನಾನು ಅವರಿಂದ ಒಂದು ಮಾರು ದೂರದಲ್ಲಿ, ಅಂಗೈಯಲ್ಲಿ ನಾಲ್ಕು ಸ್ಕ್ರೂ ಹಿಡಿದುಕೊಂಡು ಕೂತಿದ್ದೆ. ನಾನು ಏಳಲಿಲ್ಲ.

ವರ್ಷವಾಗುತ್ತ ಬಂತು. ದೇವಿಕೊಪ್ಪದ ದಾರಿಯ ತಿರುವಿನಲ್ಲಿ ಗಾಡಿಯ ವೇಗ ಇಳಿಸುವಾಗ, ಅನ್ನ ಬಸಿಯುವಾಗ, ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ, ಆ ಹೊತ್ತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಏಳಲು ನೋಡುತ್ತೇನೆ. ಪ್ರತಿ ಸಲವೂ ಅಂಗೈಯಲ್ಲಿ ಸ್ಕ್ರೂ ಇರುತ್ತವೆ, ಅವನ್ನು ಎಲ್ಲಿಡಲಿ ಎಂದು ಯೋಚಿಸುತ್ತಿರುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ತಂಬೂರಿನಲ್ಲಿ. ನಮ್ಮನೆಯವರು ಭತ್ತ, ಕಬ್ಬು ಮಾಡುತ್ತಾರೆ. ಶಾಲೆಯಿಂದ ಬಂದ ಮೇಲೆ ಒಂದು ತಾಸು ಹಾಡು ಕೇಳುವುದು ನನ್ನ ಬಹಳ ವರ್ಷಗಳ ರೂಢಿ. ಆ ಒಂದು ತಾಸಿಗಾಗಿ ನಾನು ಮಾಡಿಕೊಂಡ ಆಯ್ಕೆಗಳಿಂದಲೇ ಇದೆಲ್ಲ ಆಯಿತು. ಹಾಗಾಗಿ ಅವನ್ನೂ ಹೇಳಬೇಕು.

ಮೊದಲು ನಮ್ಮಲ್ಲಿದ್ದದ್ದು ಹುಬ್ಬಳ್ಳಿಯಿಂದ ತಂದ ಎರಡು ಎತ್ತರದ ಸ್ಪೀಕರು. ಒಂದೊಂದರಲ್ಲೂ ಮೂರು ಕೋನು, ಅಲುಗಿ ಸದ್ದು ಹೊರಡಿಸುವ ಬಟ್ಟಲು. ದಪ್ಪ ದನಿಗೆ ಕೆಳಗೊಂದು ದೊಡ್ಡದು, ನಡುವೆ ಒಂದು, ಸಣ್ಣ ದನಿಗೆ ಮೇಲೆ ಅಂಗಿಯ ಗುಂಡಿಯಂಥದ್ದೊಂದು. ಹಾಡನ್ನು ಮೂರು ಪಾಲು ಮಾಡಿ ಹಂಚುವ ಒಂದು ಸರ್ಕಿಟ್ ಒಳಗಿರುತ್ತದೆ. ಊರ ಮಠದಲ್ಲಿ ಯಾರೋ ಮುದುಕರು ಏಕತಾರಿ ಹಿಡಿದು ತತ್ವಪದ ಹಾಡಿದ್ದನ್ನು ಧ್ವನಿಮುದ್ರಿಸಿಕೊಂಡಿದ್ದೆ. ಅದನ್ನು ಹಾಕಿದಾಗ ನನಗೊಂದು ಕಿರಿಕಿರಿ ಶುರುವಾಯಿತು. ಮುದುಕರ ದನಿ ಕೆಳಗಿಳಿದರೆ ನನ್ನ ಮೊಣಕಾಲಿನ ಹತ್ತಿರ ಕೇಳುತ್ತಿತ್ತು, ಮೇಲೇರಿದರೆ ಕಿವಿಯ ಹತ್ತಿರ. ಒಬ್ಬರೇ ಎರಡು ಕಡೆ ಎದ್ದು ಕೂತು ಹಾಡಿದಂತಿತ್ತು. ಒಮ್ಮೆ ಗೊತ್ತಾದ ಮೇಲೆ ಬೇರೆ ಏನೂ ಕೇಳಿಸದಾಯಿತು.

ಒಂದೇ ಕೋನಿನ ಸ್ಪೀಕರ್ ಬಗ್ಗೆ ಓದಿದ್ದು ಆಗ. ಪೂರ್ತಿ ಹಾಡನ್ನು ಒಂದೇ ಕಾಗದದ ಕೋನು ಹೇಳುತ್ತದೆ, ನಡುವೆ ಹಂಚುವ ಸರ್ಕಿಟ್ ಇರುವುದಿಲ್ಲ. ಎಂಟು ಇಂಚಿನ ಒಂದು ಜೊತೆಯನ್ನು ಅಂಚೆಯಲ್ಲಿ ತರಿಸಿ, ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ತಾತ್ಕಾಲಿಕವಾಗಿ ಕೂಡಿಸಿದೆ. ಮುದುಕರು ಬಂದು ಎದುರಿಗೆ ಕೂತರು. ಎರಡು ಸಾಲಿನ ನಡುವೆ ಅವರು ಉಗುಳು ನುಂಗುವುದು ಕೇಳಿಸಿತು. ನಮ್ಮನೆಯವರು ಅಡುಗೆಮನೆಯಿಂದ ಬಂದು, "ಯಾರ ಬಂದಾರ?" ಎಂದು ಕೇಳಿದರು.

ಕೊರತೆ ಇಲ್ಲದಿಲ್ಲ. ಡೋಲಿನ ಎದೆಗೆ ಬಡಿಯುವ ದಪ್ಪ ಸದ್ದು ಈ ಸ್ಪೀಕರಿನಲ್ಲಿ ಬರುವುದಿಲ್ಲ. ಇಪ್ಪತ್ತು ಜನ ಕೂಡಿ ಭಜನೆ ಮಾಡಿದರೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಂತಾಗುತ್ತದೆ. ಹೆಣ್ಣಿನ ದನಿ ಮೇಲೇರಿದಾಗ ಜೋರು ಮಾಡಿದರೆ ಕಿರುಚುತ್ತದೆ. ಕೂತ ಜಾಗ ಬಿಟ್ಟು ಒಂದು ಮೊಳ ಆಚೆ ಸರಿದರೂ ಹಾಡಿನ ಅರ್ಧ ಹೊಳಪು ಹೋಗುತ್ತದೆ. ನಾನು ಕೇಳುವುದು ಒಬ್ಬರ ದನಿ, ಜೊತೆಗೆ ಒಂದೋ ಎರಡೋ ವಾದ್ಯ. ಕೇಳುವವಳೂ ಒಬ್ಬಳೇ. ಅದಕ್ಕೆ ಇದೇ ಸರಿ ಎಂದು ಒಪ್ಪಿಕೊಂಡು ಆರಿಸಿದೆ. ಯಾರಾದರೂ ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ, ಮೊದಲು ನೀವು ಏನು ಕೇಳುತ್ತೀರಿ ನೋಡಿಕೊಳ್ಳಿ, ಆಮೇಲೆ ಸ್ಪೀಕರ್ ನೋಡಿ.

ತಪ್ಪಿದ್ದು ಆಂಪ್ಲಿಫೈಯರಿನಲ್ಲಿ. ನಮ್ಮ ಹಳೆಯ ಆಂಪ್ ನೂರು ವ್ಯಾಟಿನದು. ಅಂಥ ಬಲವಾದ ಆಂಪು ಕೋನನ್ನು ಬಿಗಿಯಾಗಿ ಹಿಡಿದು ಆಡಿಸುತ್ತದೆ. ಭಾರದ ಕೋನಿಗೆ ಆ ಹಿಡಿತ ಬೇಕು. ಹಗುರ ಕಾಗದ, ದೊಡ್ಡ ಅಯಸ್ಕಾಂತದ ಈ ಸ್ಪೀಕರಿಗೆ ಅದು ಕುತ್ತಿಗೆ ಹಿಡಿದಂತಾಯಿತು. ಮೊದಲೇ ತೆಳುವಾಗಿದ್ದ ದಪ್ಪ ದನಿ ಇನ್ನೂ ಬತ್ತಿಹೋಯಿತು. ಹಾಡಿಲ್ಲದಾಗಲೂ ಸೊಯ್ಯೆನ್ನುವ ಸದ್ದು ಬೇರೆ. ಈ ಸ್ಪೀಕರ್ ಸೂಕ್ಷ್ಮ, ಎರಡು ಮೂರು ವ್ಯಾಟಿಗೇ ಮನೆ ತುಂಬುತ್ತದೆ. ಅದಕ್ಕೆ ಹೊಂದುವುದು ವಾಲ್ವಿನ ಆಂಪು, ಹಳೆಯ ರೇಡಿಯೋಗಳಲ್ಲಿ ಇರುತ್ತಿತ್ತಲ್ಲ, ಕೆಂಪಗೆ ಹೊತ್ತಿಕೊಳ್ಳುವ ಗಾಜಿನ ಬುರುಡೆ, ಅಂಥದ್ದು. ಒಂದು ಸ್ಪೀಕರಿಗೆ ಒಂದೇ ಪವರ್ ವಾಲ್ವು, ಮೂರು ವ್ಯಾಟು.

"ಮೂರು ವ್ಯಾಟು," ಎಂದರು ನಮ್ಮನೆಯವರು. "ನಮ್ಮ ಗ್ವಾದಲಿಯೊಳಗಿನ ಬಲ್ಬ್ ಒಂಬತ್ತು ವ್ಯಾಟ್ ಐತಿ. ಎಮ್ಮಿಗೆ ಒಂಬತ್ತು, ನಿನಗ ಮೂರು."

"ಎಮ್ಮಿ ಹಾಡು ಕೇಳಂಗಿಲ್ಲ."

"ಅದಕ್ಕ ಅದು ಹಾಲರ ಕೊಡತೈತಿ."

ಆಂಪನ್ನು ನಾನೇ ಕಟ್ಟಿದೆ. ಟ್ರಾನ್ಸ್‌ಫಾರ್ಮರುಗಳನ್ನು ಹುಬ್ಬಳ್ಳಿಯಲ್ಲಿ ಸುತ್ತಿಸಿಕೊಂಡು ಬಂದು, ಬೇಸಿಗೆ ರಜೆಯಿಡೀ ಕೂತು ಬೆಸುಗೆ ಹಾಕಿದೆ. ವಾಲ್ವಿನ ಆಂಪಿನಲ್ಲಿ ಮುನ್ನೂರು, ನಾನೂರು ವೋಲ್ಟು ಇರುತ್ತದೆ. ಅದನ್ನು ತುಂಬಿಟ್ಟುಕೊಳ್ಳುವುದು ಕೆಪಾಸಿಟರ್ ಎಂಬ ಡಬ್ಬಿ. ಕರೆಂಟು ತೆಗೆದರೂ ಆ ಡಬ್ಬಿಯಲ್ಲಿ ತುಂಬಿದ್ದು ತುಂಬಿದಂತೆಯೇ ಇರುತ್ತದೆ. ಅದು ಮೆಲ್ಲಗೆ ಸೋರಿ ಖಾಲಿಯಾಗಲಿ ಎಂದು ಅದರ ಎರಡು ಕಾಲಿಗೆ ಒಂದು ರೆಸಿಸ್ಟರ್ ಕೂಡಿಸಬೇಕು. ಅಕ್ಕಿಕಾಳಿನ ನಾಲ್ಕರಷ್ಟು ಗಾತ್ರದ ವಸ್ತು. ನಾನು ಅದನ್ನು ತಂದಿದ್ದೆ. ಹಾಡು ಬರಲಿ, ಆಮೇಲೆ ಹಾಕಿದರಾಯಿತು ಎಂದು ಮೇಜಿನ ಮೇಲೆ ಪುಡಿಕೆಯಲ್ಲೇ ಇಟ್ಟಿದ್ದೆ. ವಾಲ್ವು ಉರಿಯುತ್ತಿರುವಾಗ ಕರೆಂಟು ಹೋದರೆ ಅವೇ ಆ ಡಬ್ಬಿಯನ್ನು ಹೀರಿ ಖಾಲಿ ಮಾಡುತ್ತವೆ, ಅದನ್ನು ಮೀಟರ್ ಹಿಡಿದು ನೋಡಿದ್ದೆ ಕೂಡ. ಆ ಭರವಸೆಯಲ್ಲಿದ್ದೆ.

ಪೆಟ್ಟಿಗೆ ಮಾಡಿಕೊಟ್ಟವರು ಕಲಘಟಗಿಯ ಒಬ್ಬ ಹಿರಿಯರು. ಬಣ್ಣದ ತೊಟ್ಟಿಲು ಮಾಡುವ ಮನೆತನ. ನಾವು ಅವರನ್ನು ತೊಟ್ಟಿಲ ಕಾಕಾ ಎನ್ನುತ್ತೇವೆ. ಅವರ ಬಳಿಗೆ ಹೋದದ್ದಕ್ಕೆ ಕಾರಣವಿತ್ತು. ಸ್ಪೀಕರಿನ ಪೆಟ್ಟಿಗೆ ತಾನು ಸದ್ದು ಮಾಡಬಾರದು. ಕೋನು ಅಲುಗಿದಾಗ ಹಲಗೆ ಅಲುಗಿದರೆ, ಸಂದು ಕಿರ್ ಎಂದರೆ, ಹಾಡಿನ ಮೇಲೆ ಪೆಟ್ಟಿಗೆಯ ಹಾಡು ಕೂತುಬಿಡುತ್ತದೆ. ಇದನ್ನು ವಿವರಿಸಲು ನಾನು ಚಿತ್ರ ಬರೆದುಕೊಂಡು ಹೋಗಿದ್ದೆ. ಅವರು ಚಿತ್ರವನ್ನು ನೋಡಲೇ ಇಲ್ಲ.

"ತೊಟ್ಟಿಲದ್ದೂ ಇದ ಲೆಕ್ಕ ರೀ ಅಕ್ಕೋರ. ತೊಟ್ಟಿಲ ಮಾತಾಡಿತಂದ್ರ ಕೂಸ ಏಳತೈತಿ. ನನ್ನ ಕೈಯಾಗಿಂದ ಹ್ವಾದ ತೊಟ್ಟಿಲ ಒಂದೂ ಮಾತಾಡಿಲ್ಲ."

ಹಲಗೆಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ, ನಾಲ್ಕನ್ನು ಬದಿಗಿಟ್ಟರು. ಮೊಳೆ ಇಲ್ಲದೆ ಸಂದಿಗೆ ಸಂದು ಕೂಡಿಸಿದರು. ಬಣ್ಣ ಬೇಡ ಎಂದು ಹೇಳಿಬಂದಿದ್ದೆ. ಪೆಟ್ಟಿಗೆ ಬಂದಾಗ ಮುಂಭಾಗದ ಸುತ್ತ ಕೂದಲಿನಷ್ಟು ತೆಳುವಾದ ಒಂದು ಹಳದಿ ಗೆರೆ, ಅದರ ಮೇಲೆ ಅರಗಿನ ಮಿರುಗು ಇತ್ತು. "ಒಂದ ಉಸರನ್ಯಾಗ ಎಳದದ್ದು ರೀ. ನಡುವ ಎಲ್ಲೆರ ನಿಂತಿದ್ರ ತೋರಸ್ರಿ," ಎಂದರು. ನಾನು ಹುಡುಕಿದೆ. ಎಲ್ಲೂ ನಿಂತಿರಲಿಲ್ಲ. ಆ ಗೆರೆಯನ್ನು ಅವರು ಎಳೆಯುವುದು ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಕುಂಚ ಹಿಡಿದು. ಊರಲ್ಲಿ ಈಗ ಹಾಗೆ ಎಳೆಯುವವರು ಬಹಳ ಜನ ಉಳಿದಿಲ್ಲ.

ಅದಾಗಿ ಒಂದು ತಿಂಗಳಿಗೆ ಆಂಪಿನ ಸುತ್ತ ಕೂಡಿಸುವ ಮರದ ಚೌಕಟ್ಟು ಮಾಡಿಕೊಂಡು, ಒಂದು ಶನಿವಾರ ಮಧ್ಯಾಹ್ನ ಬಸ್ಸಿಗೆ ಬಂದರು. ನಾನು ಪಡಸಾಲೆಯಲ್ಲಿ ಆಂಪಿನ ವೋಲ್ಟೇಜ್ ಅಳೆಯುತ್ತಿದ್ದೆ. ಬರಿಯ ಪವರ್ ಭಾಗವನ್ನು ಅಳೆಯಬೇಕೆಂದು ವಾಲ್ವುಗಳನ್ನು ಕಿತ್ತು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಬಲ್ಬು ಆರಿತು.

ಕಾಕಾ ಚೌಕಟ್ಟು ಇಳಿಸಿ ನೀರು ಕುಡಿದರು. "ಚಲೋ ಆತ ನೋಡ್ರಿ, ಕರೆಂಟ ಹೋತು. ಈಗ ಕುಂದರಿಸಿಬಿಡೂಣು."

ನಮ್ಮ ಕಡೆ ಕರೆಂಟಿನ ಕೆಲಸಗಳೆಲ್ಲ ಕರೆಂಟು ಹೋದಾಗ ಆಗುವವು. ಹೊಲದ ಮೋಟಾರಿನ ಸ್ಟಾರ್ಟರ್ ಒರೆಸುವುದು, ಫ್ಯೂಜಿನ ತಂತಿ ಕಟ್ಟುವುದು, ಹೋಲ್ಡರ್ ಬದಲಿಸುವುದು, ಎಲ್ಲ. ಸ್ವಿಚ್ ಆರಿಸುವುದಕ್ಕಿಂತ ಕರೆಂಟು ಹೋಗುವುದರ ಮೇಲೆ ಜನರಿಗೆ ಹೆಚ್ಚು ನಂಬಿಕೆ. ಕರೆಂಟು ಹೋಯಿತೆಂದರೆ ಮನೆಮನೆಯಲ್ಲಿ ಸ್ಕ್ರೂಡ್ರೈವರ್ ಹೊರಬರುತ್ತದೆ. ನಾನೂ ಈ ಮನೆಗೆ ಬಂದು ಹದಿನೈದು ವರ್ಷ ಹಾಗೇ ಮಾಡಿದವಳು. ಎದುರಿಗೆ ಟವೆಲ್ಲಿನ ಮೇಲೆ ಎಲ್ಲ ವಾಲ್ವೂ ಇದ್ದವು. ಡಬ್ಬಿಯಲ್ಲಿ ತುಂಬಿದ್ದನ್ನು ಹೀರಲು ಆಂಪಿನೊಳಗೆ ಏನೂ ಇಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು.

"ಹೂಂ, ಕುಂದರಸ್ರಿ," ಎಂದೆ. ಆಂಪನ್ನು ನಾನೇ ಬೋರಲು ಹಾಕಿ, ಹೊಟ್ಟೆ ಮೇಲೆ ಮಾಡಿ, ಅವರ ಮುಂದೆ ಇಟ್ಟೆ.

ಎಡಗೈಯಲ್ಲಿ ಕಬ್ಬಿಣದ ತಳವನ್ನು ಗಟ್ಟಿಯಾಗಿ ಹಿಡಿದು, ಸ್ಕ್ರೂ ತೂರಿಸುವ ತೂತು ಎಲ್ಲಿದೆ ಎಂದು ಬಲಗೈ ಬೆರಳಿನಿಂದ ಒಳಗೆ ತಡವಿದರು.

ನಮ್ಮನೆಯವರು ಹಿತ್ತಲಲ್ಲಿದ್ದರು. ಆಂಪು ಉರುಳಿದ ಸದ್ದಿಗೆ ಬಂದರು. ಒಂದು ಕ್ಷಣ ಬಾಗಿಲಲ್ಲಿ ನಿಂತು ನೋಡಿ, ಕಾಕಾನ ಎದೆಯ ಮೇಲೆ ಎರಡೂ ಅಂಗೈ ಊರಿ ಒತ್ತತೊಡಗಿದರು. ಯಾರು ಕಲಿಸಿದ್ದರೋ ಗೊತ್ತಿಲ್ಲ. ಎಷ್ಟು ಸಲ ಒತ್ತಿದರೋ ಅದೂ ಗೊತ್ತಿಲ್ಲ. ಒಮ್ಮೆ ಕಾಕಾನ ಗಂಟಲಿನಿಂದ, ಬೋರ್‌ವೆಲ್ಲಿನಲ್ಲಿ ಮೊದಲ ನೀರು ಬರುವಾಗ ಆಗುವಂಥ ಗಾಳಿಯ ಸದ್ದು ಬಂತು. ಆಮೇಲೆ ಉಸಿರು. ನನ್ನ ಅಂಗೈಯ ಸ್ಕ್ರೂಗಳು ಕೆಳಗೆ ಬಿದ್ದದ್ದು ಆಗ.

ಗೋಡೆಗೆ ಆನಿಸಿ ಕೂಡಿಸಿದ ಮೇಲೆ ಕಾಕಾ ಕೇಳಿದ ಮೊದಲ ಮಾತು: "ಕರೆಂಟ ಬಂತೇನ್ರಿ?"

ನಮ್ಮನೆಯವರು ಬಲ್ಬಿನ ಕಡೆ ನೋಡಿದರು. "ಇಲ್ಲಲ್ಲ. ಬಂದು ಹೋಗಿರಬೇಕು. ಲೈನ್ ನೋಡಾಕ ಒಂದ ಗಳಿಗಿ ಟ್ರಾಯಲ್ ಹಾಕ್ತಾರಲ್ಲ, ಹಂಗ."

ಇಬ್ಬರೂ ನನ್ನ ಕಡೆ ತಿರುಗಿದರು. ಅಲ್ಲಿ ಇದ್ದವಳು ನಾನು, ನೋಡಿದವಳು ನಾನು.

"ಹೌದು," ಎಂದೆ. "ಬಂದು ಹೋತು."

ತಾಲೂಕಿನ ದವಾಖಾನೆಯಲ್ಲಿ ಎದೆಗೆ ತಂತಿ ಹಚ್ಚಿ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಎರಡು ದಿನ ಇರಲಿ ಎಂದರು. ಬಲಗೈಯ ನಡುಬೆರಳ ತುದಿಯಲ್ಲಿ ಬಿಳಿಯ ಚುಕ್ಕೆಯಂಥ ಸುಟ್ಟ ಗಾಯ. ಆ ಬೆರಳೂ ಅದರ ಪಕ್ಕದ್ದೂ ಮರಗಟ್ಟಿದ್ದವು. ಡಾಕ್ಟರು ಸೂಜಿಯಿಂದ ಚುಚ್ಚಿದರೆ ಕಾಕಾ ಸುಮ್ಮನೆ ಬೆರಳನ್ನೇ ನೋಡುತ್ತಿದ್ದರು, ಅದು ಬೇರೆಯವರದ್ದು ಎಂಬಂತೆ. "ಬರತೈತಿ, ಟೈಮ್ ಹಿಡಿತೈತಿ," ಎಂದರು ಡಾಕ್ಟರು. ಕಾಕಾ ಆ ಬೆರಳುಗಳಿಂದ ಹಾಸಿಗೆಯ ಚಾದರದ ಮೇಲೆ ಗೆರೆ ಎಳೆದು ನೋಡುತ್ತಿದ್ದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ನಮ್ಮನೆಯವರು ದವಾಖಾನೆಗೆ ಹೋದ ಮೇಲೆ ಆಂಪನ್ನು ಮೇಜಿನ ಮೇಲಿಟ್ಟು, ಪುಡಿಕೆ ಬಿಚ್ಚಿ, ರೆಸಿಸ್ಟರ್ ಬೆಸೆದೆ. ಎರಡು ನಿಮಿಷದ ಕೆಲಸ. ಮುಗಿದ ಮೇಲೆ ತಿಳಿಯಿತು, ಇನ್ನು ಯಾರು ಬಂದು ಆಂಪು ಬಿಚ್ಚಿ ನೋಡಿದರೂ ತಪ್ಪು ಕಾಣುವುದಿಲ್ಲ ಎಂದು. ಅಪಾಯ ತೆಗೆಯಲೆಂದು ಕೂತಿದ್ದೆನೋ, ಗುರುತು ಅಳಿಸಲೆಂದು ಕೂತಿದ್ದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನನ್ನ ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮೂರ ಲೈನ್‌ಮನ್ ನಮ್ಮನೆಯವರ ಬಾಲ್ಯದ ಗೆಳೆಯ. ಕಾಕಾ ಬಿದ್ದ ಸಂಜೆಯೇ ನಮ್ಮನೆಯವರು ಅವರನ್ನು ಹೋಟೆಲಿನ ಮುಂದೆ ಹಿಡಿದು ನಿಲ್ಲಿಸಿದ್ದರು. ನಾಲ್ಕು ಜನರ ಎದುರಿಗೆ, "ಹೇಳದ ಕೇಳದ ಲೈನ್ ಹಾಕಿ ತಗೀತಿಯೇನಲೇ? ಒಬ್ಬರ ಜೀವಾ ಹೋಗತಿತ್ತು," ಎಂದರಂತೆ. ಲೈನ್‌ಮನ್ ಮೊದಲು ನಕ್ಕರಂತೆ. ಆಮೇಲೆ ನಮ್ಮನೆಯವರು, "ನಮ್ಮಾಕಿ ಎದರಿಗೆ ಆಗೇತಿ, ಆಕಿನ ನೋಡ್ಯಾಳ," ಎಂದಾಗ ನಗು ನಿಂತಿತಂತೆ.

ಮೂರನೆಯ ದಿನ ಅವರು ನಮ್ಮ ಮನೆಗೆ ಬಂದರು. ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂತರು. ಎಂದೂ ಹಾಗೆ ಕೂತವರಲ್ಲ, ಸೀದಾ ಅಡುಗೆಮನೆಯ ತನಕ ಬಂದು ಏನು ಮಾಡೀರಿ ಎಂದು ಡಬ್ಬಿಯ ಮುಚ್ಚಳ ತೆಗೆಯುವವರು.

"ಅಕ್ಕೋರ, ಒಂದ ಮಾತ ಕೇಳತೇನ್ರಿ. ಆ ಮಧ್ಯಾಹ್ನ ನಾ ಒಂದ ಸಲ ಟ್ರಾಯಲ್ ಹಾಕಿದ್ದು ಖರೆ. ಆದರ ಅದು ಆಕಡಿ ಲೈನು. ಈಕಡಿದು ಹಾಕಿದ್ನೋ ಏನೋ, ಈಗ ನೆನಪ ಆಗವಲ್ದು. ನಿಮ್ಮ ಬಲ್ಬ್ ಹತ್ತಿತ್ತೇನ್ರಿ?"

ಹತ್ತಿರಲಿಲ್ಲ. ಫ್ಯಾನು ತಿರುಗಿರಲಿಲ್ಲ. "ನಾ ಬಲ್ಬ್ ಕಡೆ ನೋಡಿಲ್ರಿ," ಎಂದೆ.

"ನೀವು ಕಲ್ತವರು. ನೀವು ಬಂದು ಹೋತು ಅಂದ್ರ ಬಂದಿರಬೇಕು," ಎಂದು ಎದ್ದರು. ಚಹಾ ಬೇಡವೆಂದರು.

ಆಮೇಲೆ ಅವರು ದಿನಾ ಕೆಲಸ ಮುಗಿಸಿ ಕಲಘಟಗಿಗೆ ಹೋಗಿ ಕಾಕಾನ ಮನೆಯಲ್ಲಿ ಒಂದು ಗಳಿಗೆ ಕೂತು ಬರುತ್ತಿದ್ದರು ಎಂದು ತಿಳಿಯಿತು. ಬಾಳೆಹಣ್ಣು ಇಟ್ಟು, ಬೆರಳು ನೋಡಿ, ಎದ್ದು ಬರುವುದು. ಕಂಬ ಹತ್ತುವ ಕೆಲಸ ಬೇಡ, ಆಫೀಸಿನ ಒಳಗೆ ಏನಾದರೂ ಕೊಡಿ ಎಂದು ಕೇಳಿಕೊಂಡಿದ್ದಾರೆ ಎಂದೂ ಕೇಳಿದೆ. ಕಂಬದ ಮೇಲೆ ಹೋದರೆ ಕೈ ನಡುಗುತ್ತದಂತೆ. ನಡುಗುವ ಕೈಯವರು ಕಂಬ ಹತ್ತಿದರೆ ಏನಾಗಬಹುದು ಎಂದು ನಾನು ಯೋಚಿಸಿದೆ. ದಿನಾ ಯೋಚಿಸಿದೆ. ನಮ್ಮನೆಯವರು ಅವರ ಜೊತೆ ಮಾತು ಬಿಟ್ಟಿದ್ದರು.

ಆ ದಿನಗಳಲ್ಲಿ ನಾನು ಹಾಡು ಕೇಳಲಿಲ್ಲ. ಸ್ಪೀಕರುಗಳು ಹಳದಿ ಗೆರೆ ತೋರಿಸುತ್ತ ಗೋಡೆಗೆ ನಿಂತಿದ್ದವು. ತರಗತಿಯಲ್ಲಿ ವಿದ್ಯುತ್ತಿನ ಪಾಠ ಬಂತು. ಪ್ಲಗ್ಗು ಕಿತ್ತ ಮೇಲೆ ಉಪಕರಣ ಮುಟ್ಟಬಹುದೇ ಎಂಬ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೂ ಬೋರ್ಡಿನ ಕಡೆ ತಿರುಗಿ ನಿಂತಾಗ ಯಾರೋ ಈಗ ಅದನ್ನು ಕೇಳುತ್ತಾರೆ ಎಂದು ಬೆನ್ನು ಕಾಯುತ್ತಿತ್ತು.

ಇಪ್ಪತ್ತು ದಿನದ ಮೇಲೆ ಕಾಕಾ ಹೇಳಿ ಕಳಿಸಿದರು. ಬೆರಳಿಗೆ ಸ್ವಲ್ಪ ಸ್ಪರ್ಶ ಬಂದಿದೆ, ಅರ್ಧ ಬಿಟ್ಟ ಕೆಲಸ ನಿದ್ದೆ ಕೊಡುತ್ತಿಲ್ಲ, ಭಾನುವಾರ ಬಂದು ಚೌಕಟ್ಟು ಕೂಡಿಸುತ್ತೇನೆ. ಒಂದು ಷರತ್ತು, ಲೈನ್‌ಮನ್ ಎದುರಿಗೆ ಇರಬೇಕು, ಓಣಿಯ ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತು ಕೈಯಲ್ಲಿ ಹಿಡಿದುಕೊಂಡು ಕೂತಿರಬೇಕು.

ಭಾನುವಾರ ಮೂವರೂ ಪಡಸಾಲೆಯಲ್ಲಿ ಕೂತರು. ಕಾಕಾ ಚಾಪೆಯ ಮೇಲೆ. ನಮ್ಮನೆಯವರು ಬಾಗಿಲ ಹತ್ತಿರ, ಮುಖ ಆ ಕಡೆ. ಲೈನ್‌ಮನ್ ಎದುರಿಗೆ, ಪಿಂಗಾಣಿಯ ಫ್ಯೂಜನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಓಣಿಯಿಡೀ ಕರೆಂಟಿಲ್ಲ.

"ಗಟ್ಟಿ ಹಿಡಕೋಪಾ," ಎಂದರು ಕಾಕಾ. "ಇದು ಓಡಿ ಹೋಗಿ ತಾನ ಕುಂತೀತು."

ಕಾಕಾ ನನ್ನ ಕಡೆ ತಿರುಗಿ, "ನನಗ ಈಗ ಬುದ್ಧಿ ಬಂದೈತ್ರಿ ಅಕ್ಕೋರ. ನಮ್ಮ ಮಠದಾಗೂ ಹಿಂತಾದ್ದ ಒಂದ ಹಳೇ ಡಬ್ಬಿ ಐತಿ, ಗಾಜಿನ ಬುರಡಿದು. ಮುಂದಿನ ವಾರ ಅದನ್ನೂ ಬಿಚ್ಚಿ ಮರದ ಕೆಲಸ ಮಾಡಬೇಕಾಗೈತಿ. ಹಿಂಗ ಫ್ಯೂಜ ಕೀಳಿಸಿ ಮಾಡಿದ್ರ ಏನೂ ಅಂಜಿಕಿಲ್ಲ," ಎಂದರು.

ಅಷ್ಟರಲ್ಲಿ ಲೈನ್‌ಮನ್ ಫ್ಯೂಜನ್ನು ಬದಿಗಿಟ್ಟು ಮುಂದಕ್ಕೆ ಬಾಗಿದರು. ಕಾಕಾನ ಮೊಣಕಾಲು ಮುಟ್ಟಿ, "ನನ್ನಿಂದ ತಪ್ಪಾತ್ರಿ ಕಾಕಾ," ಎಂದರು.

ಇಪ್ಪತ್ತು ದಿನ ನಾನು ಬೇಕಾದಷ್ಟು ಮಾತು ಹೊಂದಿಸಿಕೊಂಡಿದ್ದೆ. ಅದರಲ್ಲಿ ಒಂದೂ ಬರಲಿಲ್ಲ. "ಅವರ ತಪ್ಪಿಲ್ಲ," ಎಂದೆ. "ಕರೆಂಟ ಬಂದಿದ್ದಿಲ್ಲ. ನಾ ಸುಳ್ಳ ಹೇಳಿದೆ."

ನಮ್ಮನೆಯವರು ಮುಖ ತಿರುಗಿಸಿದರು. "ಏನಂದಿ?"

ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವಂತಿರಲಿಲ್ಲ. ಕರೆಂಟೇ ಇಲ್ಲದಾಗ ಕರೆಂಟು ಹೊಡೆಯುವುದು ಹೇಗೆ? ತೋರಿಸಬೇಕಾಯಿತು. ಆಂಪಿನಿಂದ ವಾಲ್ವುಗಳನ್ನು ಕಿತ್ತೆ. ಕದ್ದು ಬೆಸೆದಿದ್ದ ರೆಸಿಸ್ಟರಿನ ಒಂದು ಕಾಲನ್ನು ಅವರೆದುರಿಗೆ ಕತ್ತರಿಸಿದೆ. ಮೀಟರಿನ ತಂತಿಗಳನ್ನು ಡಬ್ಬಿಯ ಎರಡು ಕಾಲಿಗೆ ಕಚ್ಚಿಸಿ, ಪ್ಲಗ್ ಹಾಕಿ, ಎಲ್ಲರನ್ನೂ ದೂರ ಸರಿಸಿದೆ. ಲೈನ್‌ಮನ್ನರಿಗೆ ಫ್ಯೂಜು ಹಾಕಿ ಬರಲು ಹೇಳಿದೆ. ಅವರು ಹೋದರು. ಬಲ್ಬು ಹೊತ್ತಿತು, ಮೀಟರಿನ ಅಂಕಿ ಏರಿತು. ಮತ್ತೆ ಕಿತ್ತು ತನ್ನಿ ಎಂದು ಕಿಟಕಿಯಿಂದ ಕೂಗಿದೆ. ಬಲ್ಬು ಆರಿತು. ಅವರು ಫ್ಯೂಜು ಹಿಡಿದು ಬಂದು ಬಾಗಿಲಲ್ಲಿ ನಿಂತರು. ಪ್ಲಗ್ಗನ್ನೂ ಕಿತ್ತು ಚಾಪೆಯ ಮೇಲೆ ಹಾಕಿದೆ.

ಮೀಟರು ಮುನ್ನೂರ ಎಂಬತ್ತು ತೋರಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮುನ್ನೂರ ಎಪ್ಪತ್ತೊಂಬತ್ತು. ಮೂವರೂ ಆ ಅಂಕಿಯನ್ನೇ ನೋಡುತ್ತಿದ್ದರು.

"ಇದು ಅವತ್ತೂ ಇತ್ತು," ಎಂದೆ. "ನನಗ ಗೊತ್ತಿರಬೇಕಾಗಿತ್ತು. ಗೊತ್ತೂ ಇತ್ತು. ನೆನಪ ಆಗಲಿಲ್ಲ. ನೀವು ಬಿದ್ದ ಮ್ಯಾಲ ನೆನಪಾತು, ಆಗ ಹೇಳಲಿಲ್ಲ. ಮಠದ ಡಬ್ಬಿನೂ ಹಿಂಗ ಇರತೈತಿ. ಮುಟ್ಟಬ್ಯಾಡ್ರಿ."

ಲೈನ್‌ಮನ್ ಫ್ಯೂಜನ್ನು ತಿರುಗಿಸಿ ತಿರುಗಿಸಿ ನೋಡಿದರು. "ಓಣಿಯವರು ಕಾಯಾಕತ್ತಾರ," ಎಂದು ಹೊರಟುಹೋದರು. ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗತೊಡಗಿತು. ಅವರು ತಿರುಗಿ ಬರಲಿಲ್ಲ.

ನಮ್ಮನೆಯವರು ಎದ್ದು ಹಿತ್ತಲಿಗೆ ಹೋದರು. ಕಾಕಾ ಉಳಿದರು. ನಾನು ಡಬ್ಬಿಯನ್ನು ಖಾಲಿ ಮಾಡಿ, ರೆಸಿಸ್ಟರಿನ ಕಾಲನ್ನು ಮತ್ತೆ ಬೆಸೆದೆ. ಮೀಟರು ಸೊನ್ನೆಗೆ ಬಂತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಮೊದಲ ನೀವು ಕೈ ಇಡ್ರಿ," ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಹಲಗೆ ಬಡಿದು ನೋಡುವಾಗ ಮಾತಾಡುವಂತೆ ಹೇಳಿದರು. ನಾನು ಎಡಗೈಯಲ್ಲಿ ತಳ ಹಿಡಿದೆ. ಬಲಗೈ ಆಂಪಿನ ಹತ್ತಿರ ಹೋಗಿ ನಿಂತಿತು. ಸೊನ್ನೆ ಎಂದು ಕಾಣುತ್ತಿತ್ತು, ಲೆಕ್ಕ ಗೊತ್ತಿತ್ತು, ಆದರೂ ಬೆರಳು ಮುಂದಕ್ಕೆ ಹೋಗಲಿಲ್ಲ. ಅವರು ಕಾದರು. ಅವಸರ ಮಾಡಲಿಲ್ಲ, ಇರಲಿ ಬಿಡಿ ಎಂದೂ ಅನ್ನಲಿಲ್ಲ. ಕೊನೆಗೆ ಅವರ ಬೆರಳು ಮುಟ್ಟಿದ ಜಾಗವನ್ನೇ ಮುಟ್ಟಿದೆ. ತಣ್ಣಗಿತ್ತು.

"ಆತು. ತಗೀರಿ," ಎಂದು ಆಂಪನ್ನು ತಮ್ಮ ಕಡೆ ಎಳೆದುಕೊಂಡರು. ನಾಲ್ಕು ಸ್ಕ್ರೂಗಳನ್ನೂ ತಾವೇ ಹಾಕಿದರು. ಮರಗಟ್ಟಿದ ಬೆರಳು ಬಿಟ್ಟು ಬೇರೆ ಬೆರಳಿನಿಂದ ಸ್ಕ್ರೂ ಹಿಡಿಯುತ್ತಿದ್ದರು. ಎರಡು ಸಲ ಜಾರಿ ಬಿತ್ತು. ನಾನು ಎತ್ತಿ ಕೊಡಲು ಹೋದರೆ ಬೇಡವೆಂದು ತಲೆ ಆಡಿಸಿದರು.

ವಾಲ್ವುಗಳನ್ನು ಹಾಕಿ, ಸ್ಪೀಕರಿಗೆ ತಂತಿ ಕೊಟ್ಟು, ಮುದುಕರ ಪದ ಹಚ್ಚಿದೆ. ಮೂರು ವ್ಯಾಟು ಪಡಸಾಲೆಯನ್ನು ತುಂಬಿತು. ದನಿ ಒಂದೇ ಜಾಗದಿಂದ ಬಂತು. ಏಕತಾರಿಯ ತಂತಿ ಮಿಡಿದ ಮೇಲೆ ಅದು ಆರುವ ತನಕದ ನಡುಕ ಪೂರ್ತಿ ಕೇಳಿಸಿತು. ಹಳೆಯ ಆಂಪಿನಲ್ಲಿ ಇಲ್ಲದ ಒಂದು ಎದೆ ಮುದುಕರಿಗೆ ಬಂದಿತ್ತು. ನಾನು ಎರಡು ವರ್ಷ ಹುಡುಕಿದ್ದು ಅದನ್ನೇ. ಕಾಕಾ ಪೆಟ್ಟಿಗೆಯ ಬದಿಗೆ ಎಡಗೈ ಇಟ್ಟು, ಹಲಗೆ ಅಲುಗುತ್ತದೋ ನೋಡಿದರು.

"ಪೆಟಗಿ ಮಾತಾಡವಲ್ದು," ಎಂದರು. ಚೀಲ ಹೆಗಲಿಗೆ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು, "ನನ್ನ ಬೆರಳಿನ ಸಂಬಂಧ ನಾ ನಿಮಗ ಏನೂ ಅನ್ನಂಗಿಲ್ಲ. ಕರೆಂಟಿನ ಕೂಡ ಆಟ ಆಡಿದ್ವಿ, ಇಬ್ರೂ ಆಡಿದ್ವಿ. ಆ ಮನಷ್ಯಾ ಇಪ್ಪತ್ತ ದಿನಾ ನಮ್ಮ ಮನಿಗೆ ಬಂದು ಕುಂತು ಹೋದಾ. ಅವನ ಮನಿಗೆ ನೀವು ಹೋಗಬೇಕು," ಎಂದರು.

ಮರುದಿನ ಶಾಲೆ ಬಿಟ್ಟ ಮೇಲೆ ಹೋದೆ. ಲೈನ್‌ಮನ್ ಅಂಗಳದಲ್ಲಿ ಕೂತು ತಮ್ಮ ಕ್ಯಾನ್ವಾಸ್ ಚೀಲ ಬಿಚ್ಚಿ ಸಾಮಾನು ಒರೆಸುತ್ತಿದ್ದರು. ಅವರ ಹೆಂಡತಿ ಚಾಪೆ ಹಾಸಿದರು, ಚಹಾ ಕೊಟ್ಟರು. ನಾನು ತಪ್ಪಾಯಿತು ಎಂದೆ. ಅವರು ಕೇಳಿಸಿಕೊಂಡರು. ಮಳೆಯ ಬಗ್ಗೆ, ಕಬ್ಬಿನ ಬಗ್ಗೆ, ನಮ್ಮ ಶಾಲೆಯ ಕಾಂಪೌಂಡಿನ ಬಗ್ಗೆ ಮಾತಾಡಿದರು. ನಾನು ಏಳುವ ಹೊತ್ತಿಗೆ ಚೀಲದಿಂದ ಒಂದು ಉದ್ದನೆಯ ಕೋಲು ತೆಗೆದರು. ತುದಿಯಲ್ಲಿ ಹಿತ್ತಾಳೆಯ ಕೊಕ್ಕೆ, ಅದರಿಂದ ಇಳಿಬಿದ್ದ ದಪ್ಪ ತಂತಿ.

"ಇದೇನು ಗೊತ್ತೈತೇನ್ರಿ? ಅರ್ಥಿಂಗ್ ರಾಡು. ಲೈನ್ ಬಂದ್ ಮಾಡಿದ ಮ್ಯಾಲೂ ತಂತಿಯೊಳಗ ಉಳದಿರತೈತಿ. ಅದಕ್ಕ ಕಂಬ ಹತ್ತಿದ ಕೂಡಲೆ ಮೊದಲ ಇದನ್ನ ಹಾಕಿ ನೆಲಕ್ಕ ಇಳಸ್ತೇವಿ, ಆಮ್ಯಾಲ ಕೈ ಹಚ್ಚತೇವಿ. ಇದು ನಮಗ ಮೊದಲನೇ ದಿನಾನ ಕಲಸತಾರ. ಈ ಊರಾಗ ಮತ್ತ್ಯಾರಿಗೂ ತಿಳಿಯಂಗಿಲ್ಲ, ನನಗ ತಿಳಿಯತಿತ್ತು. ಅವತ್ತ ಕಟ್ಟಿ ಮ್ಯಾಲ ಕುಂತಾಗ ನೀವೊಂದ ಮಾತ ಹೇಳಿದ್ರ, ಡಬ್ಬಿಯೊಳಗ ಉಳದಿತ್ತು ಅಂತ, ಅಷ್ಟ ಅಂದಿದ್ರ, ನಾ ಹೌದ್ರಿ ಅಕ್ಕೋರ, ಉಳಿತೈತಿ ಅಂದು ಎದ್ದು ಹೋಗತಿದ್ದೆ."

ಕೋಲಿನ ಕೊಕ್ಕೆಯನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿದರು.

"ಚಹಾ ಆರೇತಿ, ಕುಡೀರಿ," ಎಂದರು.